ಕಚ್ಚಿಕೊಂಡ ಹಿತ್ತಾಳೆ

1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಪಟ್ಟಣದ ಹೊರಗೆ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತು. ಅನಿಲಕ್ಕೆ ಸಿಕ್ಕಿದ ಪಡೆಗಳು ಹಿಂದೆ ಸರಿದಾಗ ಬಿದ್ದ ತೆರಪನ್ನು ಮುಚ್ಚಲು ನಿಂತವರು ಕೆನಡಾದ ಮೊದಲ ಡಿವಿಷನ್‌ನ ಸೈನಿಕರು. ಅವರ ಕೈಯಲ್ಲಿದ್ದದ್ದು ರಾಸ್ ರೈಫಲ್. ಒಂದರ ಹಿಂದೊಂದು ಗುಂಡು ಹಾರಿಸುತ್ತಾ ಹೋದಂತೆ ಕೋವಿ ಕಾಯಿತು. ಕಾದ ಕೋವಿಯ ಬೋಲ್ಟ್, ಅಂದರೆ ನಳಿಗೆಯನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ದಂಡ, ಹಿಂದಕ್ಕೆ ಬರಲಿಲ್ಲ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸು ಒಳಗೇ ಕಚ್ಚಿಕೊಂಡಿತ್ತು. ಸೈನಿಕರು ಬೋಲ್ಟನ್ನು ಬೂಟುಗಾಲಿನಿಂದ ಒದ್ದರು, ಕಂದಕ ತೋಡುವ ಗುದ್ದಲಿಯ ಕಾವಿನಿಂದ ಬಡಿದರು. ಆ ಕದನದಲ್ಲಿ ಬದುಕುಳಿದ ಸುಮಾರು 5,000 ಕೆನಡಿಯನ್ನರ ಪೈಕಿ 1,452 ಮಂದಿ ರಾಸ್ ರೈಫಲನ್ನು ಬಿಸಾಡಿ, ಸತ್ತ ಬ್ರಿಟಿಷ್ ಸೈನಿಕರ ಪಕ್ಕ ಬಿದ್ದಿದ್ದ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರು.

ರಾಸ್ ಕೆಟ್ಟ ಕೋವಿಯಾಗಿರಲಿಲ್ಲ. ಇಂಗ್ಲೆಂಡಿನ ಬಿಸ್ಲಿ ಮೈದಾನದ ಗುರಿ ಸ್ಪರ್ಧೆಗಳಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು. ಆ ಹೆಸರು ಬಂದದ್ದೂ ಈಪ್ರ್‌ನಲ್ಲಿ ಅದು ಕೈಕೊಟ್ಟದ್ದೂ ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಸ್ಕಾಟ್ಲೆಂಡಿನ ಸರ್ ಚಾರ್ಲ್ಸ್ ರಾಸ್ ತನ್ನ ಕೋವಿಯ ಚೇಂಬರನ್ನು, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡನ್ನು, ತುಂಬ ಬಿಗಿಯಾಗಿ ಕೊರೆಸಿದ್ದ. ಬಿಗಿಯಾಗಿ ಕೂತ ತೋಟಾದ ಗುಂಡು ನಳಿಗೆಗೆ ನೇರವಾಗಿ ನಿಲ್ಲುತ್ತದೆ, ಗುರಿ ಕರಾರುವಾಕ್ಕಾಗುತ್ತದೆ. ಕೆನಡಾದಲ್ಲೇ ತಯಾರಾದ, ಅಳತೆಗೆ ಸರಿಯಾದ ತೋಟಾ ಬಳಸುವವರೆಗೆ ಎಲ್ಲ ಚೆನ್ನಾಗಿತ್ತು. ಯುದ್ಧದ ಅವಸರದಲ್ಲಿ ಬ್ರಿಟನ್ನಿನ ಕಾರ್ಖಾನೆಗಳು ತಯಾರಿಸಿದ .303 ತೋಟಾಗಳಲ್ಲಿ ಕೆಲವು ಕೂದಲೆಳೆಯಷ್ಟು ದಪ್ಪ ಇದ್ದವು. ಲೀ-ಎನ್‌ಫೀಲ್ಡ್‌ನ ಸಡಿಲ ಚೇಂಬರು ಅವನ್ನು ನುಂಗಿ ಉಗುಳುತ್ತಿತ್ತು, ರಾಸ್ ನುಂಗಿದ್ದನ್ನು ಬಿಡಲಿಲ್ಲ. ಇದರ ಮೇಲೆ ರಾಸ್‌ನ ಬೋಲ್ಟು ನೇರವಾಗಿ ಹಿಂದಕ್ಕೆ ಎಳೆಯುವಂಥದ್ದು. ಹಿಡಿಯನ್ನು ಮೇಲಕ್ಕೆತ್ತಿ ತಿರುಗಿಸುವ ಬೋಲ್ಟಿನಲ್ಲಿ ಆ ತಿರುವೇ ಓರೆ ಮೈಯೊಂದರ ಮೇಲೆ ಜಾರಿ, ಕೇಸನ್ನು ಭಾರೀ ಬಲದಿಂದ ಮೊದಲು ಅಲುಗಿಸಿಕೊಡುತ್ತದೆ. ರಾಸ್‌ಗೆ ಆ ಅನುಕೂಲ ಇರಲಿಲ್ಲ. 1916ರಲ್ಲಿ ಕೆನಡಾ ಸೇನೆ ಅದನ್ನು ಪದಾತಿ ದಳದ ಕೈಯಿಂದ ತೆಗೆಯಿತು. ಆದರೆ ತೋಟಾಗಳನ್ನು ಒಂದೊಂದಾಗಿ ಆರಿಸಿ ತುಂಬುವ ಸ್ನೈಪರ್‌ಗಳು ಮಾತ್ರ ಬಿಡಲಿಲ್ಲ. 378 ಶತ್ರುಗಳನ್ನು ಉರುಳಿಸಿದ ಲೆಕ್ಕ ತನ್ನ ಹೆಸರಿನಲ್ಲಿರುವ ಒಜಿಬ್ವೆ ಬುಡಕಟ್ಟಿನ ಫ್ರಾನ್ಸಿಸ್ ಪೆಗಮಗಬೋ ಬಳಸಿದ್ದು ರಾಸ್ ರೈಫಲನ್ನೇ.

ಕರಾರುವಾಕ್ಕು ಬೇಕೆಂದರೆ ಬಿಗಿ ಬೇಕು, ಭರವಸೆ ಬೇಕೆಂದರೆ ಸಡಿಲ ಬೇಕು. ಲೋಹದ ತೋಟಾ ಹುಟ್ಟಿದ ದಿನದಿಂದ ಇವೆರಡರ ನಡುವೆ ಎಳೆದಾಟ ನಡೆದೇ ಇದೆ. ಇವತ್ತು ಅಮೆರಿಕ, ಯುರೋಪು, ಆಸ್ಟ್ರೇಲಿಯಾಗಳಲ್ಲಿ ದೂರದ ಗುರಿಗೆ ಹೊಡೆಯುವ ಸ್ಪರ್ಧಿಗಳು ತಮ್ಮ ತೋಟಾಗಳನ್ನು ಮನೆಯ ಮೇಜಿನ ಮೇಲೆ ತಾವೇ ತುಂಬಿಕೊಳ್ಳುವಾಗ ಎದುರಾಗುವ ತೊಡಕು, ಕೇಸು ಅಚ್ಚಿನಲ್ಲಿ ಕಚ್ಚಿಕೊಳ್ಳುವುದು, ಆ ಎಳೆದಾಟದ್ದೇ ಮುಂದುವರಿಕೆ. ಅದರ ಹಿಂದೆ ನೂರೈವತ್ತು ವರ್ಷಗಳ ಪಾಠವಿದೆ.

ಮಲೆನಾಡಿನ ಹಳೆಯ ಕೇಪಿನ ಕೋವಿಯಲ್ಲಿ ಈ ತಾಪತ್ರಯವೇ ಇರಲಿಲ್ಲ. ಮದ್ದು, ಗುಂಡು ಎಲ್ಲವನ್ನೂ ನಳಿಗೆಯ ಬಾಯಿಂದ ಸುರಿದು ಗಜದಿಂದ ತುರುಕುವಾಗ ಹಿಂದೆ ಉಳಿಯುವ ಕೇಸೇ ಇರುವುದಿಲ್ಲ. ಹಿಂಬದಿಯಿಂದ ತುಂಬುವ ಕೋವಿ ಬಂದಾಗ ಮದ್ದಿನ ಬೆಂಕಿ ಬೋಲ್ಟಿನ ಸಂದಿಯಿಂದ ಹೊಡೆಯುವವನ ಮುಖಕ್ಕೆ ಚಿಮ್ಮದಂತೆ ತಡೆಯುವುದೇ ದೊಡ್ಡ ಸಮಸ್ಯೆಯಾಯಿತು. ಅದಕ್ಕೆ ಸಿಕ್ಕ ಪರಿಹಾರ ಲೋಹದ ಕೇಸು. ಮದ್ದು ಹೊತ್ತಿದ ಕ್ಷಣ ಅದು ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಸಂದಿ ಮುಚ್ಚುತ್ತದೆ. ಗುಂಡು ನಳಿಗೆ ದಾಟಿ ಒತ್ತಡ ಇಳಿದಾಗ ಮತ್ತೆ ಕುಗ್ಗಿ ಗೋಡೆಯನ್ನು ಬಿಡಬೇಕು. ಹಿಡಿಯುವ ಕೆಲಸ ಎಷ್ಟು ಮುಖ್ಯವೋ ಬಿಡುವ ಕೆಲಸವೂ ಅಷ್ಟೇ ಮುಖ್ಯ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆತ ಹಿತ್ತಾಳೆ ಎರಡನ್ನೂ ಮಾಡುತ್ತದೆ: ಉಬ್ಬಿದ್ದು ತಾನಾಗಿ ಇಂಚಿನ ಸಾವಿರದ ಒಂದು ಪಾಲಿನ ಆಸುಪಾಸು ಹಿಂದಕ್ಕೆ ಬರುತ್ತದೆ. ಲೇಥ್ ಕೆಲಸದವರ ಭಾಷೆಯಲ್ಲಿ ಒಂದು ಥೌ. ಇಡೀ ವ್ಯವಸ್ಥೆ ನಿಂತಿರುವುದು ಆ ಒಂದು ಥೌ ಮೇಲೆ.

ಬರೀ ತಾಮ್ರಕ್ಕೆ ಆ ಗುಣವಿಲ್ಲ. ಅದು ಮೆದು, ಉಬ್ಬಿದ ಕಡೆಯೇ ಕೂತುಬಿಡುತ್ತದೆ. ಅಮೆರಿಕದ ಸೇನೆ 1870ರ ದಶಕದಲ್ಲಿ ತನ್ನ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್‌ಗಳಿಗೆ ಕೊಟ್ಟದ್ದು ತಾಮ್ರದ ಕೇಸುಗಳನ್ನು. ಕುದುರೆ ಸವಾರರು ಅವನ್ನು ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಚರ್ಮ ಹದ ಮಾಡಿದ ರಸಾಯನ ತಾಮ್ರಕ್ಕೆ ತಗಲಿ ಹಸಿರು ಕಿಲುಬು ಕಟ್ಟುತ್ತಿತ್ತು, ಆ ಕಿಲುಬು ಕಾದ ಚೇಂಬರಿನಲ್ಲಿ ಅಂಟಿನಂತೆ ಹಿಡಿಯುತ್ತಿತ್ತು. ಎಳೆಯುವ ಕೊಕ್ಕೆ ಮೆದು ತಾಮ್ರದ ಅಂಚನ್ನು ಹರಿದು ತಾನೊಂದೇ ಹೊರಬರುತ್ತಿತ್ತು. 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ಹೊಳೆಯ ದಂಡೆಯಲ್ಲಿ ಲಕೋಟಾ ಮತ್ತು ಷೈಯೆನ್ ಯೋಧರ ಎದುರು ಜನರಲ್ ಕಸ್ಟರ್‌ನ ದಳ ನಾಶವಾದಾಗ, ಸೈನಿಕರು ಕಚ್ಚಿಕೊಂಡ ಕೇಸನ್ನು ಚಾಕುವಿನಿಂದ ಕೆದಕುತ್ತಾ ಸತ್ತರು ಎಂಬ ಮಾತು ಹುಟ್ಟಿತು. ಅದೇ ಕದನದಲ್ಲಿ ಬೇರೆ ಗುಡ್ಡದ ಮೇಲೆ ಬದುಕುಳಿದ ಮೇಜರ್ ಮಾರ್ಕಸ್ ರೀನೋ ಆ ಜುಲೈನಲ್ಲೇ ಶಸ್ತ್ರಾಸ್ತ್ರ ಇಲಾಖೆಗೆ ಬರೆದು ತನ್ನ ಕೈಕೆಳಗಿನ 380 ಕಾರ್ಬೈನ್‌ಗಳ ಪೈಕಿ ಆರು ಹೀಗೆ ಕೆಟ್ಟವೆಂದು ತಿಳಿಸಿದ.

ಆ ಮಾತನ್ನು ಮಣ್ಣಿನಲ್ಲೇ ಹುಡುಕಿ ಪರೀಕ್ಷಿಸುವ ಅವಕಾಶ ನೂರು ವರ್ಷ ಕಳೆದ ಮೇಲೆ ಬಂತು. 1983ರಲ್ಲಿ ಕಾಳ್ಗಿಚ್ಚು ಆ ಬಯಲಿನ ಹುಲ್ಲನ್ನೆಲ್ಲ ಸುಟ್ಟಿತು. ಮುಂದಿನ ಎರಡು ವರ್ಷ ಡಗ್ಲಾಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ನೇತೃತ್ವದ ಪುರಾತತ್ವ ತಂಡ ಲೋಹಶೋಧಕ ಹಿಡಿದು ಕೇಸುಗಳನ್ನು ಹೆಕ್ಕಿತು. ಚಾಕುವಿನ ತುದಿಯಿಂದ ಕೆದಕಿದ ಗೀರುಗಳು ಸಿಕ್ಕಿದ್ದು ನೂರಕ್ಕೆ ಮೂರರಷ್ಟರಲ್ಲಿ ಮಾತ್ರ. ಕಸ್ಟರ್ ಸೋತದ್ದು ಹಿತ್ತಾಳೆ ಇಲ್ಲದ್ದಕ್ಕಲ್ಲ, ಎದುರಾಳಿಯ ಸಂಖ್ಯೆಗೂ ಚಾತುರ್ಯಕ್ಕೂ. ಆದರೂ ಕೈಯಲ್ಲಿನ ಕಾರ್ಬೈನ್ ಕಚ್ಚಿಕೊಂಡವನಿಗೆ ನೂರಕ್ಕೆ ಮೂರು ಎಂಬ ಲೆಕ್ಕ ಏನು ಸಮಾಧಾನ ಕೊಟ್ಟೀತು? ಸೇನೆಗೂ ಇದು ಆ ಕಾಲಕ್ಕೇ ಮನದಟ್ಟಾಗಿತ್ತು. 1877ರ ಮಾದರಿಯ ಕಾರ್ಬೈನಿನ ಹಿಡಿಯೊಳಗೆ ಗೂಡು ಕೊರೆದು ತುಂಡುಗಳನ್ನು ಜೋಡಿಸಿಕೊಳ್ಳುವ ಕಡ್ಡಿಯೊಂದನ್ನು ಇಡಲಾಯಿತು. ಕೇಸು ಕಚ್ಚಿಕೊಂಡರೆ ನಳಿಗೆಯ ಬಾಯಿಂದ ಅದನ್ನು ತುರುಕಿ ಹೊರದಬ್ಬಬಹುದಿತ್ತು.

ಬ್ರಿಟಿಷರು ಪಾಠ ಕಲಿತದ್ದು ಸುಡಾನಿನ ಮರಳಿನಲ್ಲಿ. ಅವರ ಮಾರ್ಟಿನಿ-ಹೆನ್ರಿ ಕೋವಿಯ ಕೇಸು ಒಂದೇ ತುಂಡಿನದ್ದಾಗಿರಲಿಲ್ಲ. ಕರ್ನಲ್ ಎಡ್ವರ್ಡ್ ಬಾಕ್ಸರ್ ರೂಪಿಸಿದ ಅದರಲ್ಲಿ ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ ಕಬ್ಬಿಣದ ಬುಡಕ್ಕೆ ಸೇರಿಸಲಾಗಿತ್ತು. ಅಗ್ಗ, ಹಗುರ, ಆದರೆ ದುರ್ಬಲ. 1885ರ ಜನವರಿ 17ರಂದು ಅಬು ಕ್ಲಿಯಾದಲ್ಲಿ, ಖಾರ್ಟೂಮಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಬ್ರಿಟಿಷ್ ಜನರಲ್ ಗಾರ್ಡನ್‌ನನ್ನು ಬಿಡಿಸಲು ಹೊರಟಿದ್ದ ತುಕಡಿಯ ಚೌಕ ವ್ಯೂಹದ ಮೇಲೆ ಸುಡಾನಿನ ಬಂಡಾಯದ ನಾಯಕ ಮಹದಿಯ ಯೋಧರು ನುಗ್ಗಿದರು. ನೌಕಾದಳದ ಲಾರ್ಡ್ ಚಾರ್ಲ್ಸ್ ಬೆರೆಸ್‌ಫೋರ್ಡ್ ಗಾರ್ಡ್‌ನರ್ ಮೆಷಿನ್‌ಗನ್ನನ್ನು ಚೌಕದ ಆಚೆಗೆ ಎಳೆಸಿಕೊಂಡು ಹೋಗಿ ಹಾರಿಸತೊಡಗಿದ. ಸುಮಾರು 70 ಸುತ್ತು ಮುಗಿಯುವಷ್ಟರಲ್ಲಿ ಗನ್ ನಿಂತಿತು. ಕೊಕ್ಕೆ ಕೇಸಿನ ಬುಡವನ್ನಷ್ಟೇ ಕಿತ್ತು ತಂದಿತ್ತು, ಖಾಲಿ ಕೊಳವೆ ನಳಿಗೆಯಲ್ಲೇ ಉಳಿದಿತ್ತು. ಅದನ್ನು ಬಿಡಿಸಲು ಒದ್ದಾಡುತ್ತಿದ್ದಾಗಲೇ ಈಟಿಗಳು ಮೈಮೇಲೆ ಬಂದವು. ಬೆರೆಸ್‌ಫೋರ್ಡ್ ಬದುಕಿದ, ಗನ್ನಿನ ಸುತ್ತ ಇದ್ದ ಹಲವು ನಾವಿಕರು ಸತ್ತರು. ಸುತ್ತಲಿನ ಸೈನಿಕರ ಮಾರ್ಟಿನಿಗಳೂ ಮರಳು ಮತ್ತು ಕಾವಿಗೆ ಕಚ್ಚಿಕೊಂಡಿದ್ದವು. ಅದೇ ವರ್ಷ ಮಾರ್ಟಿನಿಗೆ ಒಂದೇ ತುಂಡು ಹಿತ್ತಾಳೆಯಿಂದ ಎಳೆದು ಮಾಡಿದ ಕೇಸನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡಿತು.

ಇತ್ತ ಗುರಿಯ ಮೈದಾನದಲ್ಲಿ ಇದೇ ಹಿತ್ತಾಳೆಗೆ ಬೇರೆಯದೇ ಬಾಳು. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರಿಷ್ ಮತ್ತು ಅಮೆರಿಕನ್ ತಂಡಗಳು 800, 900, 1,000 ಗಜದ ದೂರದಲ್ಲಿ ಸೆಣಸಿದವು. ಐರಿಷರದು ಬಾಯಿಂದ ತುಂಬುವ ಕೋವಿ, ಅಮೆರಿಕನ್ನರದು ಹಿಂಬದಿಯಿಂದ ತುಂಬುವ ಶಾರ್ಪ್ಸ್ ಮತ್ತು ರೆಮಿಂಗ್ಟನ್. 934ಕ್ಕೆ 931, ಕೇವಲ ಮೂರು ಅಂಕದಿಂದ ಅಮೆರಿಕನ್ನರು ಗೆದ್ದರು, ಹಿತ್ತಾಳೆ ಕೇಸಿನ ಕೋವಿಯ ಮೇಲೆ ಗುರಿಕಾರರಿಗೆ ನಂಬಿಕೆ ಹುಟ್ಟಿತು. ಜರ್ಮನ್ ವಲಸಿಗರು ಅಮೆರಿಕದ ಊರೂರಲ್ಲಿ ಕಟ್ಟಿದ ಶುಟ್ಸೆನ್ ಕ್ಲಬ್ಬುಗಳಲ್ಲಂತೂ ಇಡೀ ದಿನಕ್ಕೆ ಒಂದೇ ಕೇಸು ಸಾಕಾಗುತ್ತಿತ್ತು. ಹಾರಿಸಿದ ಕೇಸನ್ನು ತೆಗೆದು, ಹೊಸ ಕೇಪು ಕೂರಿಸಿ, ಮದ್ದು ಸುರಿದು ಅದೇ ಚೇಂಬರಿಗೆ ಮತ್ತೆ ಹಾಕುವುದು. ಆ ಕೇಸು ಆ ಚೇಂಬರಿನಲ್ಲೇ ಉಬ್ಬಿದ್ದು, ಕಪ್ಪು ಮದ್ದಿನ ಒತ್ತಡವೂ ಕಡಿಮೆ, ಹಾಗಾಗಿ ಕಚ್ಚಿಕೊಳ್ಳುವ ಮಾತಿಲ್ಲ. ಕೈಯಾರೆ ತೋಟಾ ತುಂಬುವ ಹವ್ಯಾಸದ ಬೇರು ಇಲ್ಲಿದೆ.

ಕ್ರೀಡ್‌ಮೂರ್‌ನಲ್ಲಿ ಸೋತ ಐರಿಷ್ ತಂಡದಲ್ಲಿ ಜಾನ್ ರಿಗ್ಬಿ ಎಂಬ ಕೋವಿ ತಯಾರಕ ಇದ್ದ. ಮುಂದೆ ಆತ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ಮುಖ್ಯಸ್ಥನಾದ. ಆತನ ಮುಂದಿನ ಕೆಲಸ ನಮ್ಮ ಕಾಡುಗಳಿಗೆ ನೇರವಾಗಿ ತಗಲುತ್ತದೆ. ಕಪ್ಪು ಮದ್ದಿನ ಜಾಗಕ್ಕೆ ಕಾರ್ಡೈಟ್ ಬಂದಿತ್ತು. ನೈಟ್ರೊಗ್ಲಿಸರಿನ್ 58 ಪಾಲು, ಗನ್‌ಕಾಟನ್ 37 ಪಾಲು, ವ್ಯಾಸಲೀನ್ 5 ಪಾಲು ಸೇರಿದ, ನೂಲಿನಂತೆ ಎಳೆದ ಹೊಗೆಯಿಲ್ಲದ ಮದ್ದು ಅದು. ಇಂಗ್ಲೆಂಡಿನ ಚಳಿಯಲ್ಲಿ ಅದು ಹದವಾಗಿ ಉರಿಯುತ್ತಿತ್ತು, ಭಾರತದ ಬೇಸಿಗೆಯ ಬಿಸಿಲಿಗೆ ತೋಟಾ ಕಾದರೆ ಒತ್ತಡ ಏರುತ್ತಿತ್ತು. ಒತ್ತಡ ಏರಿದಾಗ ಹಿತ್ತಾಳೆಯ ಜೊತೆ ಚೇಂಬರಿನ ಉಕ್ಕೂ ಹಿಗ್ಗುತ್ತದೆ. ಉಕ್ಕು ಪೂರ್ತಿ ಹಿಂದಕ್ಕೆ ಬರುತ್ತದೆ, ಮಿತಿಮೀರಿ ಹಿಗ್ಗಿದ ಹಿತ್ತಾಳೆ ಅಷ್ಟು ಬರುವುದಿಲ್ಲ. ಕೇಸು ಗೋಡೆಗಳ ನಡುವೆ ಸಿಕ್ಕಿಬೀಳುತ್ತದೆ. ಗಾಯಗೊಂಡ ಕಾಟಿ ಅಥವಾ ಆನೆ ಎದುರು ನಿಂತವನ ಜೋಡುನಳಿಗೆ ತೆರೆದುಕೊಳ್ಳದಿದ್ದರೆ ಎರಡನೆಯ ಅವಕಾಶ ಇರುತ್ತಿರಲಿಲ್ಲ. 1898ರಲ್ಲಿ ರಿಗ್ಬಿ ಹೊರತಂದ .450 ನೈಟ್ರೊ ಎಕ್ಸ್‌ಪ್ರೆಸ್‌ಗೆ ಉದ್ದನೆಯ, ದೊಡ್ಡ ಹೊಟ್ಟೆಯ ಕೇಸು. ಒಳಗೆ ಜಾಗ ಧಾರಾಳ, ಒತ್ತಡ ಸಾಧಾರಣ. 1907ರಲ್ಲಿ ಭಾರತ ಮತ್ತು ಸುಡಾನಿಗೆ .450 ತೋಟಾಗಳು ಬರುವುದನ್ನು ಬ್ರಿಟಿಷ್ ಸರ್ಕಾರ ನಿಷೇಧಿಸಿತು, ದಂಗೆಕೋರರ ಕೈಯಲ್ಲಿದ್ದ ಮಾರ್ಟಿನಿಗಳಿಗೆ ಅವು ಒದಗೀತೆಂಬ ಭಯಕ್ಕೆ. ಆಗ .470, .465 ಎಂದು ಸ್ವಲ್ಪ ಅಳತೆ ಬದಲಿಸಿದ ತೋಟಾಗಳು ಬಂದವು. 1912ರ .375 ಹಾಲೆಂಡ್ ಅಂಡ್ ಹಾಲೆಂಡ್‌ನ ಕೇಸನ್ನು ಕೈಯಲ್ಲಿ ಹಿಡಿದು ನೋಡಿದರೆ ಬುಡದಿಂದ ಭುಜದವರೆಗೆ, ಅಂದರೆ ಗುಂಡು ಹಿಡಿಯುವ ಕತ್ತಿನತ್ತ ಕೇಸು ಕಿರಿದಾಗುವ ತಿರುವಿನವರೆಗೆ, ಸಣ್ಣಗಾಗುತ್ತಾ ಹೋಗುವುದು ಎದ್ದು ಕಾಣುತ್ತದೆ. ಈ ಇಳಿಜಾರಿನ ಕೇಸು ಕೂದಲೆಳೆಯಷ್ಟು ಹಿಂದಕ್ಕೆ ಸರಿದರೂ ಸಾಕು, ಸುತ್ತಲೂ ಗೋಡೆಯಿಂದ ಬಿಡುಗಡೆಯಾಗುತ್ತದೆ.

ಭಾರತ ಕಲಿಸಿದ ಇನ್ನೊಂದು ಪಾಠ ಮಳೆಗಾಲದ್ದು. ಬ್ರಿಟಿಷ್ ಸೇನೆಯ ತೋಟಾಗಳು ಮುಂಗಾರಿನಲ್ಲಿ ಪೆಟ್ಟಿಗೆಯೊಳಗೇ, ಯಾರೂ ಮುಟ್ಟದೆ, ಸೀಳು ಬಿಡುತ್ತಿದ್ದವು. ಬಿರುಕು ಹೆಚ್ಚಾಗಿ ಕತ್ತಿನಲ್ಲಿ. ಅವನ್ನು ಮಳೆಗಾಲದಲ್ಲಿ ಇರಿಸುತ್ತಿದ್ದದ್ದು ಲಾಯಗಳಲ್ಲಿ ಎಂಬುದು ಗೊತ್ತಿದ್ದರೂ, ಕಾರಣ ಸ್ಪಷ್ಟವಾಗಲು ದಶಕಗಳು ಹಿಡಿದವು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಲೋಹವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆ ಗಂಟನ್ನು ಬಿಡಿಸಿತು. ತಣ್ಣಗಿನ ಹಿತ್ತಾಳೆಯನ್ನು ಎಳೆದು ಕೇಸು ಮಾಡಿದಾಗ ಅದರೊಳಗೆ ಬಿಗುವು ಉಳಿಯುತ್ತದೆ. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ತೇವದ ಗಾಳಿಯ ಜೊತೆ ಸೇರಿ, ಬಿಗುವಿದ್ದ ಕಡೆ ಕಣಗಳ ನಡುವೆ ನುಸುಳಿ ಸೀಳುತ್ತದೆ. ಕೇಸನ್ನು ಎಳೆದ ಮೇಲೆ ಹದವಾಗಿ ಕಾಯಿಸಿ ಬಿಗುವು ಇಳಿಸಿದರೆ ಬಿರುಕಿಲ್ಲ. ಹೀಗೆ ನಮ್ಮ ಮಳೆ ಮತ್ತು ಲಾಯಗಳಿಂದ ಹೊರಟ ಪ್ರಶ್ನೆಗೆ ಸಿಕ್ಕ ಉತ್ತರ ಜಗತ್ತಿನ ಹಿತ್ತಾಳೆ ಉದ್ಯಮಕ್ಕೆಲ್ಲ ನಿಯಮವಾಯಿತು. ಇವತ್ತಿಗೂ ತೋಟಾ ತುಂಬುವವರು ಅಮೋನಿಯ ಇರುವ ಪಾಲಿಶನ್ನು ಕೇಸಿಗೆ ಹಚ್ಚುವುದಿಲ್ಲ.

ಮನೆಯಲ್ಲಿ ತೋಟಾ ತುಂಬುವ ಸಾಧನವನ್ನು ಜನಸಾಮಾನ್ಯರ ಕೈಗೆ ತಲುಪಿಸಿದವರಲ್ಲಿ ಜಾನ್ ಬಾರ್ಲೋ ಮುಖ್ಯ. 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಆತ ಶುರು ಮಾಡಿದ ಐಡಿಯಲ್ ಕಂಪನಿ ಇಕ್ಕಳದಂಥ ಉಪಕರಣ ಮಾರುತ್ತಿತ್ತು. ಅದು ಕೇಸಿನ ಕತ್ತನ್ನಷ್ಟೇ ಒತ್ತಿ ಕಿರಿದು ಮಾಡುತ್ತಿತ್ತು. ಅಂಗಡಿ ದೂರವಿದ್ದ ಬೇಟೆಗಾರನಿಗೆ, ಕಾಸು ಎಣಿಸುವ ರೈತನಿಗೆ ಅಷ್ಟೇ ಸಾಕು. ಒತ್ತಲು ಕೈಯ ಬಲವಷ್ಟೇ ಇದ್ದದ್ದರಿಂದ ಕೇಸು ಉಪಕರಣದಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುವುದೂ ಅಪರೂಪವಾಗಿತ್ತು.

ಆಮೇಲೆ ಬಂದದ್ದು ಗ್ರೀಸಿನ ಪ್ರಶ್ನೆ. ಕಚ್ಚಿಕೊಳ್ಳುವುದಕ್ಕೆ ಜಿಡ್ಡು ಸವರುವುದು ಎಲ್ಲರಿಗೂ ಹೊಳೆಯುವ ಉಪಾಯ. ಆದರೆ ಎಲ್ಲಿಗೆ? 1921ರಲ್ಲಿ ಒಹಾಯೋದ ಕ್ಯಾಂಪ್ ಪೆರ್ರಿಯಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಗೆ ಫ್ರಾಂಕ್‌ಫರ್ಡ್ ಆರ್ಸೆನಲ್ ವಿಶೇಷ ತೋಟಾ ತಯಾರಿಸಿತ್ತು. ತಾಮ್ರ-ನಿಕ್ಕಲ್ ಹೊದಿಕೆಯ ಗುಂಡು ನಳಿಗೆಯಲ್ಲಿ ಲೋಹದ ಗಂಟುಗಳನ್ನು ಬಿಡುತ್ತಿತ್ತು. ಅದನ್ನು ತಪ್ಪಿಸಲು ಈ ಬಾರಿ ಗುಂಡಿಗೆ ತವರದ ಲೇಪ ಕೊಟ್ಟಿದ್ದರು. ಹಳೆಯ ಗುರಿಕಾರರಿಗೆ ಇನ್ನೊಂದು ರೂಢಿಯಿತ್ತು, ಹಾರಿಸುವ ಮುಂಚೆ ಗುಂಡನ್ನು ಗ್ರೀಸಿನ ಡಬ್ಬಿಯಲ್ಲಿ ಅದ್ದುವುದು. ಗ್ರೀಸ್ ಬೇಡವೆಂದು ಎಚ್ಚರಿಕೆ ಕೊಟ್ಟರೂ ಕೆಲವರು ರೂಢಿ ಬಿಡಲಿಲ್ಲ. ತವರ ಕಾಲಕ್ರಮದಲ್ಲಿ ಕೇಸಿನ ಕತ್ತಿಗೆ ಬೆಸುಗೆಯಂತೆ ಹಿಡಿದುಕೊಂಡಿತ್ತು. ಕತ್ತು ಉಬ್ಬಿ ಗುಂಡನ್ನು ಬಿಡಬೇಕಾದ ಜಾಗದಲ್ಲಿ ಗ್ರೀಸ್ ತುಂಬಿಕೊಂಡಿದ್ದರಿಂದ ಉಬ್ಬಲು ಎಡೆಯೇ ಉಳಿಯಲಿಲ್ಲ. ಒತ್ತಡ ಅಪಾಯದ ಮಟ್ಟಕ್ಕೇರಿತು, ಬೋಲ್ಟುಗಳು ಬಿಗಿದುಕೊಂಡವು. ಅಮೆರಿಕ ಸೇನೆಯ ಶಸ್ತ್ರತಜ್ಞ ಜೂಲಿಯನ್ ಹ್ಯಾಚರ್ ತನ್ನ ಪ್ರಸಿದ್ಧ ನೋಟ್‌ಬುಕ್‌ನಲ್ಲಿ ಈ ಪ್ರಸಂಗವನ್ನು ವಿವರವಾಗಿ ದಾಖಲಿಸಿದ್ದಾನೆ. ಜಿಡ್ಡು ಬಳಿದ ಕೇಸಿಗೆ ಚೇಂಬರಿನ ಗೋಡೆಯನ್ನು ಹಿಡಿಯಲಾಗದೆ, ಅದರ ಒತ್ತೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ ಎಂಬುದು ಕೂಡ ಆ ಕಾಲದ ಚರ್ಚೆಗಳಲ್ಲಿ ಗಟ್ಟಿಯಾದ ತಿಳಿವಳಿಕೆ.

ಸೇನೆಗಳು ಆದರೂ ಜಿಡ್ಡಿನ ಆಸೆ ಬಿಡಲಿಲ್ಲ. ಜಪಾನಿನ ಟೈಪ್ 11, ಇಟಲಿಯ ಬ್ರೆಡಾ 30 ಮೆಷಿನ್‌ಗನ್ನುಗಳಲ್ಲಿ ಪ್ರತಿ ತೋಟಾಕ್ಕೂ ಎಣ್ಣೆ ಹಚ್ಚುವ ವ್ಯವಸ್ಥೆ ಇತ್ತು. ಎಣ್ಣೆಗೆ ಧೂಳು ಅಂಟಿ, ಯಾವುದನ್ನು ತಪ್ಪಿಸಲು ಹೊರಟಿದ್ದರೋ ಅದನ್ನೇ ತಂದುಕೊಂಡರು. ಅಮೆರಿಕದಲ್ಲಿ ಜಾನ್ ಪೆಡರ್ಸನ್ ರೂಪಿಸಿದ ಅರೆ-ಸ್ವಯಂಚಾಲಿತ ರೈಫಲಿಗೆ ಮೇಣ ಲೇಪಿಸಿದ ತೋಟಾಗಳು ಬೇಕಿದ್ದವು; 1932ರಲ್ಲಿ ಸೇನೆ ಒಣ ತೋಟಾದಲ್ಲೇ ನಡೆಯುವ ಗರಾಂಡ್ ರೈಫಲನ್ನು ಆರಿಸಿತು.

ಎರಡನೇ ಮಹಾಯುದ್ಧದ ಕಾಲಕ್ಕೆ ತೋಟಾ ತುಂಬುವ ಹವ್ಯಾಸ ಹೊಸ ತಿರುವು ತೆಗೆದುಕೊಂಡಿತು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್‌ಟನ್ ತನ್ನ ತಂದೆಯ ಲಾಂಡ್ರಿ ಅಂಗಡಿಯ ಹಿಂಬದಿಯಲ್ಲಿ 1943ರಲ್ಲಿ ಒಂದು ಅಚ್ಚು ಮಾಡಿದ. ಹಾರಿಸಿ ಬಿಸಾಡಿದ .22 ಕೇಸುಗಳನ್ನು ಒತ್ತಿ ರೈಫಲ್ ಗುಂಡಿನ ಹೊದಿಕೆ ಮಾಡುವ ಅಚ್ಚು. ರಾಕ್ ಚಕ್ ಎಂಬ ಬೆಟ್ಟದ ಹೆಗ್ಗಣದಂಥ ಪ್ರಾಣಿಯ ಬೇಟೆಗೆ ಬಳಸುವ ಗುಂಡು ಅದಾದ್ದರಿಂದ, ‘ರಾಕ್ ಚಕ್ ಬುಲೆಟ್ ಸ್ವೇಜ್’ ಎಂಬುದರ ಮೊದಲಕ್ಷರಗಳಿಂದ, ಕಂಪನಿಯ ಹೆಸರು ಆರ್‌ಸಿಬಿಎಸ್ ಆಯಿತು. ಮುಂದೆ ಆತ ಮಾರಿದ ಎರಕದ ಪ್ರೆಸ್‌ಗಳ ಸನ್ನೆ ಎಷ್ಟು ಬಲವಾಗಿತ್ತೆಂದರೆ, ಹಾರಿಸಿದ ಕೇಸನ್ನು ಬುಡದಿಂದ ಕತ್ತಿನವರೆಗೆ ಪೂರ್ತಿ ಒತ್ತಿ ಹೊಸದರ ಅಳತೆಗೆ ತರಬಹುದಿತ್ತು. ಒಬ್ಬರ ಕೋವಿಯಲ್ಲಿ ಹಾರಿಸಿದ ಕೇಸು ಇನ್ನೊಬ್ಬರ ಕೋವಿಗೂ ಹೊಂದುವಂತಾಯಿತು. ಬಲ ಹೆಚ್ಚಿದ್ದೇ ತಡ, ಚೇಂಬರಿನಲ್ಲಿ ಕಾಡುತ್ತಿದ್ದ ತೊಡಕು ಮೇಜಿಗೂ ಬಂತು.

ಅದು ಹೇಗೆ ಆಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪ್ರೆಸ್ಸಿನ ತಲೆಗೆ ಉಕ್ಕಿನ ಡೈ, ಅಂದರೆ ಅಚ್ಚು, ಬಿಗಿದಿರುತ್ತದೆ. ಕೆಳಗೆ ಕೇಸಿನ ಅಂಚನ್ನು ಹಿಡಿದುಕೊಳ್ಳುವ ಶೆಲ್ ಹೋಲ್ಡರ್. ಸನ್ನೆ ಒತ್ತಿದರೆ ಕೇಸು ಮೇಲೇರಿ ಡೈಯೊಳಗೆ ನುಗ್ಗುತ್ತದೆ. ಅದರ ನಡುವಿನ ಕಡ್ಡಿ ಹಳೆಯ ಕೇಪನ್ನು ಕೆಳಕ್ಕೆ ಬೀಳಿಸುತ್ತದೆ. ಕೇಸಿಗೆ ಮೇಣ ತೆಳುವಾಗಿ ಸವರಿದ್ದರೆ ಸನ್ನೆ ಒಂದೇ ಹದದಲ್ಲಿ ಇಳಿಯುತ್ತದೆ. ಸವರುವುದು ಮರೆತಿದ್ದರೆ, ಅಥವಾ ಚಿಮುಕಿಸಿದ ದ್ರವ ಆರುವ ಮುಂಚೆ ಒತ್ತಿದರೆ, ಅರ್ಧ ದಾರಿಯಲ್ಲಿ ಕಿರಗುಟ್ಟುವ ಸದ್ದು. ಅನುಭವವಿದ್ದವರು ಅಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆಯುತ್ತಾರೆ. ಹೊಸಬರು ಇನ್ನಷ್ಟು ಒತ್ತುತ್ತಾರೆ. ಒಣ ಹಿತ್ತಾಳೆ ಉಕ್ಕಿಗೆ ಸವೆದು ಅಂಟುತ್ತದೆ, ಸನ್ನೆ ಎತ್ತಿದರೆ ಶೆಲ್ ಹೋಲ್ಡರ್ ಕೇಸಿನ ಅಂಚನ್ನು ಕಚ್ಚಿ ಹರಿದು ಬರಿಗೈಯಲ್ಲಿ ಕೆಳಗಿಳಿಯುತ್ತದೆ. ಅಬು ಕ್ಲಿಯಾದ ಗಾರ್ಡ್‌ನರ್ ಗನ್ನಿನ ಕೊಕ್ಕೆ ಮಾಡಿದ್ದೂ ಇದನ್ನೇ. ಒಂದೇ ಭೇದವೆಂದರೆ ಇಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ.

ಬಿಡಿಸುವ ಕೆಲಸಕ್ಕೆ ಆರ್‌ಸಿಬಿಎಸ್‌ನವರದೇ ಒಂದು ಸಣ್ಣ ಪೆಟ್ಟಿಗೆ ಬಂತು. ಅದರಲ್ಲಿ ಏಳನೇ ನಂಬರಿನ ಡ್ರಿಲ್, ಕಾಲಿಂಚಿನ ಟ್ಯಾಪ್, ಒಂದು ಸ್ಕ್ರೂ, ಒಂದು ಟೊಪ್ಪಿಗೆಯಂಥ ಬುಶ್. ಮೊದಲು ಡೈಯೊಳಗಿನ ಕೇಪು ಕೀಳುವ ಕಡ್ಡಿಯನ್ನು ಆದಷ್ಟು ಮೇಲಕ್ಕೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಡ್ರಿಲ್ ಅದಕ್ಕೆ ತಗಲುತ್ತದೆ. ಕೇಪು ಕೂರುತ್ತಿದ್ದ ತೂತನ್ನು ದೊಡ್ಡದು ಮಾಡಿ, ಟ್ಯಾಪ್ ಹೊಡೆದು ಥ್ರೆಡ್ ಹಾಕಿ, ಬುಶ್ಶನ್ನು ಡೈಯ ಬಾಯಿಗೆ ಆನಿಸಿ, ಸ್ಕ್ರೂ ಬಿಗಿಯುತ್ತಾ ಹೋಗಬೇಕು. ಸ್ಕ್ರೂ ಮುಂದೆ ಹೋಗಲಾಗದೆ ಕೇಸನ್ನೇ ತನ್ನತ್ತ ಎಳೆಯುತ್ತದೆ. ಒಂದು ಹಂತದಲ್ಲಿ ಟಕ್ಕೆಂದು ಬಿಡುತ್ತದೆ. ಆ ಕೇಸು ಗುಜರಿಗೆ, ಡೈ ಉಳಿಯಿತು. ಗೋಡೆಗೆ ಅಂಟಿದ ಹಿತ್ತಾಳೆಯ ಪದರವನ್ನು ಮಾತ್ರ ನಯವಾಗಿ ಉಜ್ಜಿ ತೆಗೆಯಬೇಕು, ಬಿಟ್ಟರೆ ಮುಂದಿನ ಪ್ರತಿ ಕೇಸಿನ ಮೇಲೂ ಅದು ಗೀರು ಎಳೆಯುತ್ತದೆ.

ಡೈಯನ್ನು ಕಾಯಿಸಿದರೆ ಸಡಿಲವಾದೀತೆಂದು ಕೆಲವರು ಯೋಚಿಸುತ್ತಾರೆ. ನಮ್ಮಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಕೂರಿಸುವುದನ್ನು ಕಂಡವರಿಗೆ ಅದು ಸಹಜ ಅನ್ನಿಸೀತು: ಪಟ್ಟಾ ಕಾಯಿಸಿದರೆ ಹಿಗ್ಗುತ್ತದೆ, ಮರದ ಚಕ್ರಕ್ಕೆ ಸಲೀಸಾಗಿ ಏರುತ್ತದೆ. ಇಲ್ಲಿ ಲೆಕ್ಕ ತಿರುವುಮುರುವು. ಕಾವಿಗೆ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಮತ್ತು ಹಿತ್ತಾಳೆ ಇರುವುದು ಒಳಗೆ. ಕಾಯಿಸಿದರೆ ಇನ್ನೂ ಬಿಗಿ. ಫ್ರೀಜರಿನಲ್ಲಿಟ್ಟು ತಣಿಸಿದರೆ ಒಳಗಿನ ಹಿತ್ತಾಳೆ ಹೆಚ್ಚು ಕುಗ್ಗಿ ತುಸು ಬಿಡುತ್ತದೆ, ಸ್ಕ್ರೂ ಎಳೆಯುವುದಕ್ಕೆ ನೆರವಾಗುತ್ತದೆ.

ಜಿಡ್ಡಿನ ಮಟ್ಟಿಗೆ ಹೇಳುವುದಾದರೆ, ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಇವತ್ತಿಗೂ ಅತಿ ನಂಬಿಕಸ್ಥ. ಮದ್ಯಸಾರದಲ್ಲಿ ಕರಗಿಸಿ ಚಿಮುಕಿಸುವವರೂ ಉಂಟು, ಬೆರಳ ತುದಿಯಿಂದ ಮೇಣ ಸವರುವವರೂ ಉಂಟು. ಕೇಸಿನ ಬುಡದ ಭಾಗಕ್ಕೆ ಚೆನ್ನಾಗಿ ಸವರಬೇಕು, ಅಲ್ಲೇ ಒತ್ತು ಹೆಚ್ಚು; ಭುಜಕ್ಕೆ ಸವರಬಾರದು, ಅಲ್ಲಿ ನಿಂತ ಜಿಡ್ಡು ಒತ್ತಿಕೊಂಡು ಹಿತ್ತಾಳೆಯಲ್ಲಿ ಗುಳಿ ಬೀಳಿಸುತ್ತದೆ. ಕೆಲಸ ಮುಗಿದ ಮೇಲೆ ಒರೆಸುವುದು ಕಡ್ಡಾಯ. 1921ರ ಪ್ರಸಂಗದ ಜ್ಞಾಪಕ ಈ ಒಂದು ರೂಢಿಯಲ್ಲಿ ಇವತ್ತಿಗೂ ಉಳಿದಿದೆ.

ಪೂರ್ತಿ ಒತ್ತುವ ಗೋಜೇ ಬೇಡವೆಂದು ಕತ್ತನ್ನಷ್ಟೇ ಒತ್ತುವ ಪಂಥವೂ ಉಳಿದುಕೊಂಡಿತು. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ಶಾಟ್‌ಗನ್ನಿಗೆ ತಂದ, ಬಳಿಕ ರೈಫಲಿಗೂ ವಿಸ್ತರಿಸಿದ ಲೀ ಲೋಡರ್‌ಗೆ ಬೇಕಾಗಿದ್ದದ್ದು ಒಂದು ಸುತ್ತಿಗೆ ಮಾತ್ರ. ಬಡವರ ಪಾಲಿನ ಆ ಉಪಕರಣದ ಮಿತಿ ಕೆಲವು ಸಲ ಹಾರಿಸಿದ ಮೇಲೆ ಗೊತ್ತಾಗುತ್ತದೆ: ಒತ್ತಿಸಿಕೊಳ್ಳದ ಮೈ ಪ್ರತಿ ಸಲವೂ ಒಂದಿಷ್ಟು ಹಿಗ್ಗಿ, ಕೊನೆಗೆ ಬೋಲ್ಟು ಬಿಗಿಯಾಗುತ್ತದೆ. ಇನ್ನೊಂದು ಅತಿಯೂ ಇದೆ. ಪ್ರತಿ ಸಲವೂ ಭುಜವನ್ನು ಬೇಕಾದ್ದಕ್ಕಿಂತ ಹಿಂದಕ್ಕೆ ಒತ್ತಿದರೆ, ಹಾರಿದಾಗ ಕೇಸು ಉದ್ದಕ್ಕೆ ಹಿಗ್ಗಿ, ಬುಡದ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತದೆ. ಹೊರಗೆ ಅಲ್ಲೊಂದು ಹೊಳೆಯುವ ಉಂಗುರ ಕಾಣುತ್ತದೆ. ತುದಿ ಬಾಗಿಸಿದ ತೆಳು ತಂತಿಯನ್ನು ಕೇಸಿನೊಳಗೆ ಬಿಟ್ಟು ಗೋಡೆಗುಂಟ ಎಳೆದರೆ, ಸವೆದ ಕಡೆ ತಂತಿ ಸಣ್ಣ ಹಳ್ಳಕ್ಕೆ ಸಿಕ್ಕಿ ನಿಲ್ಲುವುದು ಬೆರಳಿಗೆ ತಿಳಿಯುತ್ತದೆ. ಅದನ್ನು ಮತ್ತೊಮ್ಮೆ ಹಾರಿಸಿದರೆ ಬುಡ ಮಾತ್ರ ಹೊರಬಂದು ಮುಂದಿನ ಕೊಳವೆ ಚೇಂಬರಿನಲ್ಲೇ ಉಳಿಯಬಹುದು.

ಮೈದಾನದ ಈ ಸೂಕ್ಷ್ಮಗಳನ್ನು ಸೇನೆಗಳು ಮರೆತಾಗ ಬೆಲೆ ತೆತ್ತವರು ಮತ್ತೆ ಸೈನಿಕರೇ. ವಿಯೆಟ್ನಾಮಿಗೆ ಅಮೆರಿಕದ ಎಂ16 ರೈಫಲ್ ಹೋದಾಗ ಅದರ ಚೇಂಬರಿಗೆ ಕ್ರೋಮಿಯಂ ಲೇಪ ಇರಲಿಲ್ಲ. ಮದ್ದಿನ ಬಗೆಯನ್ನು ಬದಲಿಸಲಾಗಿತ್ತು, ಶುಚಿ ಮಾಡುವ ಸಾಮಾನು ಸಾಕಷ್ಟು ಕೊಟ್ಟಿರಲಿಲ್ಲ. ತೇವಕ್ಕೆ ಚೇಂಬರಿನ ಗೋಡೆ ತುಕ್ಕು ಹಿಡಿದು ತೂತುತೂತಾಗಿ, ಉಬ್ಬಿದ ಹಿತ್ತಾಳೆ ಆ ಗುಳಿಗಳಿಗೆ ಕಚ್ಚಿಕೊಳ್ಳುತ್ತಿತ್ತು. 1967ರ ಬೇಸಿಗೆಯಲ್ಲಿ ಅಲ್ಲಿನ ಗುಡ್ಡಗಳಿಗಾಗಿ ನಡೆದ ಕಾಳಗದಲ್ಲಿ ಮರೀನ್ ಸೈನಿಕರು ಕಡ್ಡಿಯನ್ನು ನಳಿಗೆಗೆ ತುರುಕಿ ಕೇಸು ತಳ್ಳುತ್ತಿದ್ದರು, ತೊಂಬತ್ತು ವರ್ಷ ಹಿಂದಿನ ಕಾರ್ಬೈನಿನ ಹಿಡಿಯೊಳಗಿದ್ದ ಕಡ್ಡಿಯ ಹಾಗೆಯೇ. ಸಂಸದ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಸಮಿತಿ ಅದೇ ವರ್ಷ ಅಕ್ಟೋಬರಿನಲ್ಲಿ ಕಟುವಾದ ವರದಿ ಕೊಟ್ಟಿತು. ಚೇಂಬರಿಗೆ ಕ್ರೋಮಿಯಂ ಬಂತು. ಚಿತ್ರಕಥೆಗಾರ ವಿಲ್ ಐಸ್ನರ್ ಬಿಡಿಸಿದ ಕೈಪಿಡಿ ಸೈನಿಕರ ಕೈ ಸೇರಿತು.

ಈಗಿನ ದೂರದ ಗುರಿಯ ಸ್ಪರ್ಧೆಗಳಲ್ಲಿ 2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೂರ್ ತೋಟಾಕ್ಕೆ ದೊಡ್ಡ ಬಳಗವಿದೆ. ಹೆಸರು ಆ 1874ರ ಮೈದಾನದ್ದು. ಇಂಥ ತೋಟಾಗಳ ಕೇಸಿನ ಮೈ ಹೆಚ್ಚುಕಡಿಮೆ ನೆಟ್ಟಗೆ, ಒತ್ತಡ .308 ವಿಂಚೆಸ್ಟರಿನಂತೆ ಚದರ ಇಂಚಿಗೆ 62,000 ಪೌಂಡಿನ ಮಿತಿಯಲ್ಲಿ. ರಿಗ್ಬಿಯ ಕಾಲದ ಇಳಿಜಾರಿನ ರಕ್ಷಣೆ ಇಲ್ಲಿಲ್ಲ. ಹಾಗಾಗಿ ಸ್ಪರ್ಧಿಗಳನ್ನು ಕಾಡುವ ತೊಡಕಿಗೂ ಹೊಸ ಮುಖ ಬಂದಿದೆ. ಬೋಲ್ಟಿನ ಹಿಡಿ ಸರಾಗವಾಗಿ ಏಳುತ್ತದೆ, ತೀರಾ ಮೇಲೆ ಬಂದಾಗ ಒಂದು ಕ್ಲಿಕ್. ಕೇಸಿನ ಬುಡ ಮಾತ್ರ ಒಂದರ್ಧ ಥೌ ದಪ್ಪಗಾಗಿರುತ್ತದೆ. ಆ ಭಾಗ ಡೈಯೊಳಗೆ ಪೂರ್ತಿ ಹೋಗುವುದೇ ಇಲ್ಲ, ಶೆಲ್ ಹೋಲ್ಡರಿನ ದಪ್ಪ ಅಡ್ಡ ಬರುತ್ತದೆ. ಮದ್ದಿನ ಅಳತೆ ಇಳಿಸಬಹುದು, ಆ ಕೇಸುಗಳನ್ನು ಬದಿಗಿಡಬಹುದು, ಬುಡವನ್ನೂ ಒತ್ತುವ ವಿಶೇಷ ಡೈ ತರಬಹುದು. ಹೊಸ ನಳಿಗೆ ಹಾಕಿಸುವವರು ಈಚೆಗೆ ಚೇಂಬರು ಕೊರೆಯುವ ರೀಮರಿನ ಬುಡದ ಅಳತೆಯನ್ನು ಒಂದೆರಡು ಥೌ ಹೆಚ್ಚಿಸಿಕೊಡಿ ಎಂದು ಕೇಳುವುದುಂಟು. ಇನ್ನು ಕೆಲವರು ತಮ್ಮ ಕೋವಿಯಲ್ಲೇ ಎರಡು ಮೂರು ಸಲ ಹಾರಿಸಿದ ಕೇಸುಗಳನ್ನು ಡೈ ಮಾಡುವವರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಅವರು ಬುಡ, ಭುಜ, ಕತ್ತು ಮೂರನ್ನೂ ಅಳೆದು, ಆ ಒಂದು ಚೇಂಬರಿಗೆ ಹೊಂದುವ ಡೈಯನ್ನು ಕೊರೆದು ಕಳಿಸಿಕೊಡುತ್ತಾರೆ.